ಎರಡು ಕಾಳಿನ ಬಾಗು

ಹುಸೇನಮ್ಮನನ್ನು ಒಳ್ಳೆಯವಳು ಎಂದವರು ಹಿರೇಬಂಡೆಯಲ್ಲಿ ಒಬ್ಬರೂ ಇರಲಿಲ್ಲ. ಸುಳ್ಳುಗಾತಿ ಎಂದವರೂ ಇರಲಿಲ್ಲ. ಅವಳ ಬಾಯಿಗೆ ಹೆದರಿ ದಾರಿ ಬದಲಿಸುತ್ತಿದ್ದ ಗಂಡಸರು ಬಾಣ ಬೇಕಾದಾಗ ಮಾತ್ರ ತೆಪ್ಪಗೆ ಅವಳ ಅಂಗಳಕ್ಕೇ ಬಂದು ಕುಕ್ಕರಗಾಲಲ್ಲಿ ಕೂಡುತ್ತಿದ್ದರು. ಮಕ್ತಲಿಂದ ಗದ್ವಾಲದವರೆಗೆ ಕೃಷ್ಣೆಯ ಎರಡೂ ದಂಡೆ ಹುಡುಕಿದರೂ, ಬಾಣದ ಕಡ್ಡಿಯೊಂದನ್ನು ಕೈಗೆತ್ತಿಕೊಂಡು ಅದರ ಜಾತಕ ಹೇಳಬಲ್ಲವರು ಅವಳನ್ನು ಬಿಟ್ಟರೆ ಅವಳ ಗಂಡ ಕಾಳಪ್ಪ ಒಬ್ಬನೇ. ಆ ಕಾಳಪ್ಪನ ಕೈಗೆ ಏನಾಯಿತು, ಅದಕ್ಕೆ ಹುಸೇನಮ್ಮ ಏನು ಮಾಡಿದಳು ಎಂಬುದನ್ನು ಊರು ಇಂದಿಗೂ ತಗ್ಗಿದ ದನಿಯಲ್ಲೇ ಹೇಳುತ್ತದೆ. ತಗ್ಗಿದ ದನಿಯಲ್ಲಿ ಹೇಳುವಂಥದ್ದು ಅದರಲ್ಲೇನೂ ಇಲ್ಲ.

ಅವಳು ಗದ್ವಾಲದ ಕಡೆಯ ಬೇಡರ ಮನೆಯ ಮಗಳು. ಮೊಹರಂ ಹಬ್ಬದಲ್ಲಿ ಅಲಾಯಿ ಕುಣಿಯುವ ದಿನಗಳಲ್ಲಿ ಹುಟ್ಟಿದಳೆಂದು ಹುಸೇನಮ್ಮ ಎಂದು ಹೆಸರಿಟ್ಟರು. ಅಪ್ಪ ಬಾಣ ಮಾಡುವವನು. ಗಂಡುಮಕ್ಕಳಿಲ್ಲದ ಮನೆ, ಹಾಗಾಗಿ ಕಸುಬನ್ನು ಮಗಳಿಗೇ ಕಲಿಸಿದ. ಮದುವೆಯಾಗಿ ಹಿರೇಬಂಡೆಗೆ ಬಂದಾಗ ತವರಿನಿಂದ ತಂದದ್ದು ಎರಡು ಸೀರೆ, ಒಂದು ಕಂಚಿನ ತಟ್ಟೆ, ಮತ್ತೆ ಅಪ್ಪನ ತೂಗುಗಲ್ಲು. ಸೇರು ತೂಕದ ಕರೀ ಕಲ್ಲು, ನಡುವೆ ತೂತು, ತೂತಿಗೊಂದು ಹುರಿ. ಅತ್ತೆ ಪೆಂಟಮ್ಮ ಅದನ್ನು ನೋಡಿ, "ಬಂಗಾರ ತರ್ತಾಳ ಅಂದ್ರ ಬಂಡೆಗಲ್ಲು ತಂದಾಳ" ಎಂದು ಊರೆಲ್ಲ ಆಡಿಕೊಂಡು ನಕ್ಕಳು. ಹುಸೇನಮ್ಮ ಆ ನಗುವನ್ನು ಮರೆಯಲಿಲ್ಲ. ಅವಳು ಯಾವುದನ್ನೂ ಮರೆಯುವ ಪೈಕಿಯಲ್ಲ.

ನಿಜಾಮರ ಸರಕಾರದಲ್ಲಿ ಬಂದೂಕಿಗೆ ಪರವಾನಗಿ ಸಿಗುವುದು ಸುಲಭವಿರಲಿಲ್ಲ. ಹಿರೇಬಂಡೆಯ ವಾಡೆಯಲ್ಲಿದ್ದ ದೇಸಾಯರ ಹತ್ತಿರವೂ ಇದ್ದದ್ದು ಒಂದೇ. ಜೋಳಕ್ಕೂ ಸೇಂಗಕ್ಕೂ ಹಂದಿ ನುಗ್ಗಿದರೆ ಅದು ಸಾಲುತ್ತಿರಲಿಲ್ಲ. ಹಾಗಾಗಿ ದೇಸಾಯರು ಹನ್ನೆರಡು ಬಿಲ್ಲುಗಾರರ ಕಾವಲು ಇಟ್ಟಿದ್ದರು. ಅವರ ಮೇಲೊಬ್ಬ ಜಮೇದಾರ, ಕಿಷ್ಟಪ್ಪ. ಆಳು ಎತ್ತರ, ಮೀಸೆ ಗುಂಗುರು, ಕೆಂಪು ರುಮಾಲು. ರುಮಾಲಿನ ಜೊತೆಗೆ ಇನಾಮು ಹೊಲ. ಪ್ರತಿ ವರ್ಷ ಬನ್ನಿ ಹಬ್ಬದ ದಿನ ಬನ್ನಿಮರಕ್ಕೆ ಸುಣ್ಣ ಬಳಿದ ಐದು ಗಡಿಗೆ ಕಟ್ಟುತ್ತಿದ್ದರು. ಅರವತ್ತು ಹೆಜ್ಜೆ ದೂರದಿಂದ ನಾಲ್ಕನ್ನಾದರೂ ಒಡೆದರೆ ಆ ವರ್ಷಕ್ಕೂ ರುಮಾಲು ಅವನದೇ. ಹನ್ನೊಂದು ವರ್ಷ ಕಿಷ್ಟಪ್ಪ ಐದಕ್ಕೆ ಐದೂ ಒಡೆದಿದ್ದ.

ಆ ಹನ್ನೊಂದು ವರ್ಷದ ಬಾಣಗಳೆಲ್ಲ ಕಾಳಪ್ಪನವು.

ಬಿದಿರನ್ನು ಕಡಿದು ತಂದು ನೆರಳಲ್ಲಿ ಒಣಗಿಸಿ, ಕೆಂಡದ ಮೇಲೆ ಬಿಸಿ ಮಾಡಿ ನೇರ ಮಾಡಿ, ಹೆರೆದು ನಯ ಮಾಡುವುದು ಕಾಳಪ್ಪನ ಕೆಲಸ. ಪರೀಕ್ಷೆ ಹುಸೇನಮ್ಮನದು. ಮೊದಲು ಶಾಬಾದಿ ಬಂಡೆಯ ಮೇಲೆ ಉರುಳಿಸುವಳು. ನೇರ ಕಡ್ಡಿ ಒಂದೇ ದನಿಯಲ್ಲಿ ಸರ್ರನೆ ಹೋಗುತ್ತದೆ, ಸೊಟ್ಟ ಕಡ್ಡಿ ಟಪಟಪ ಎನ್ನುತ್ತದೆ. ಕಣ್ಣು ಮುಚ್ಚಿಯೇ ಅವಳು ಸೊಟ್ಟದ್ದನ್ನು ಪಕ್ಕಕ್ಕೆ ಒಗೆಯುತ್ತಿದ್ದಳು. ಆಮೇಲೆ ಬಿಗಿ ನೋಡುವುದು. ಎರಡು ಹುಣಸೆ ಗೂಟಗಳ ಮೇಲೆ ಕಡ್ಡಿ ಅಡ್ಡ ಇಟ್ಟು, ನಡುವೆ ತೂಗುಗಲ್ಲು ಇಳಿಬಿಡುವಳು. ಹಿಂದೆ ನಿಲ್ಲಿಸಿದ ಹಲಗೆಗೆ ಜೋಳದ ಕಾಳುಗಳನ್ನು ಮೇಲಿಂದ ಕೆಳಗೆ ಒಂದರ ಕೆಳಗೊಂದು ಗೋಂದು ಹಾಕಿ ಅಂಟಿಸಿದ್ದಳು. ಕಡ್ಡಿ ಎಷ್ಟು ಕಾಳು ಕೆಳಗಿಳಿಯಿತೋ ಅಷ್ಟು ಅದರ ಬಾಗು. ಬಿದಿರಿಗೂ ಬೆನ್ನು, ಹೊಟ್ಟೆ ಉಂಟು. ಅದಕ್ಕೇ ಹೊರಳಿಸಿ ಎರಡು ಸಲ ತೂಗುವಳು. ವಾಡೆಯ ಬಿಲ್ಲುಗಳೆಲ್ಲ ಒಂದೇ ಬಿಗಿಯವು. ಅವಕ್ಕೆ ಹತ್ತು ಕಾಳಿನ ಕಡ್ಡಿ ಬರೋಬ್ಬರಿ.

ಮದುವೆಯಾದ ಎರಡನೇ ವರ್ಷ ಒಂದು ಸಂಗತಿ ಅವಳ ಗಮನಕ್ಕೆ ಬಂತು. ಹನ್ನೆರಡು ಕಾಳು ಬಾಗುವ ಮೆತ್ತನೆಯ ಕಡ್ಡಿಗಳನ್ನು ಅವಳು ಬೇಡವೆಂದು ತೆಗೆದರೆ, ಗಂಡ ಅವನ್ನೇ ಆಯ್ದು ಜಮೇದಾರನ ಕಟ್ಟಿಗೆ ಸೇರಿಸುತ್ತಿದ್ದ. ಅವು ಸಾಲದೆ ಹೋದರೆ ಒಳ್ಳೇ ಹತ್ತು ಕಾಳಿನವನ್ನೇ ಹೆರೆದು ಮೆತ್ತಗೆ ಮಾಡುತ್ತಿದ್ದ.

"ಜಮೇದಾರಗ ಕಸ ಕೊಡ್ತೀ ಏನು? ಗೊತ್ತಾದ್ರ ಚರ್ಮ ಸುಲೀತಾನ" ಎಂದಳು.

ಕಾಳಪ್ಪ ಎದ್ದು, ಕಿಷ್ಟಪ್ಪ ಹೊಡೆದು ಬಿಟ್ಟ ಹಳೆಯ ಬಾಣವೊಂದನ್ನು ಅವಳ ಕೈಗಿಟ್ಟ. ಗರಿಯ ಹತ್ತಿರ ಒಂದೇ ಪಕ್ಕಕ್ಕೆ ಉಜ್ಜಿದ ಗೀರು. ಇನ್ನೊಂದು ಕೊಟ್ಟ. ಅದಕ್ಕೂ ಅಲ್ಲೇ ಗೀರು.

"ಬಿಲ್ಲಿನ ನಾರಿ ಬಿಡುವಾಗ ಅವನ ಬೆರಳು ಪಕ್ಕಕ್ಕ ಎಳೀತಾವ. ಬಾಣ ಎಡಕ್ಕ ಹೊಂಟು ಬಿಲ್ಲಿಗೆ ತಿಕ್ತೈತಿ. ಹತ್ತು ಕಾಳಿಂದು ಕೊಟ್ರ ಒಂದೂ ಗುರಿಗೆ ಹತ್ತಂಗಿಲ್ಲ. ಮೆತ್ತಂದು ಕೊಟ್ರ ಅದು ಬಲಕ್ಕ ಬಾಗ್ತೈತಿ, ಎರಡೂ ತಪ್ಪು ಕೂಡಿ ನೆಟ್ಟಗ ಹೋಗ್ತೈತಿ."

"ಅವಗ ಗೊತ್ತೈತೇನು?"

"ಗೊತ್ತಿಲ್ಲ. ಗೊತ್ತಾಗೋದೂ ಬ್ಯಾಡ. ಬಿಲ್ಲುಗಾರನ ಕೈಗುಟ್ಟು ಹೊರಗ ಆಡಬಾರದು. ಸೂಲಗಿತ್ತಿ ಬಸುರೀರ ಗುಟ್ಟು ಊರಾಗ ಹೇಳ್ತಾಳೇನು?"

ಹುಸೇನಮ್ಮ ಅಂದಿನಿಂದ ಹನ್ನೆರಡು ಕಾಳಿನವನ್ನು ಬೇರೆ ಮಾಡಿ ಗಂಡನ ಮುಂದಿಡತೊಡಗಿದಳು. ಆ ಮೀಸೆಯ ಬೀಗು ಎರಡು ಕಾಳಿನ ಬಾಗಿನ ಮೇಲೆ ನಿಂತಿದೆ ಎಂದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ. ಕಿಷ್ಟಪ್ಪ ಅಂಗಳದ ಮುಂದೆ ಹಾಯುವಾಗ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು. ಅಷ್ಟೇ. ಆಗಿನ್ನೂ ಅವಳಿಗೆ ಅವನ ಮೇಲೆ ದ್ವೇಷವಿರಲಿಲ್ಲ.

ನಿಜಾಮರ ಫಸಲಿ ಲೆಕ್ಕದಲ್ಲಿ ಸಾವಿರದ ಮುನ್ನೂರ ನಲವತ್ತು, ಅಂದರೆ ಇಸವಿ ಸಾವಿರದ ಒಂಬೈನೂರ ಮೂವತ್ತರ ಸುಮಾರು, ಮಳೆ ಹಿಡಿಯುವ ಮುಂಚಿನ ಬೇಟೆ. ದೇಸಾಯರ ಮನೆಗೆ ಹೈದರಾಬಾದಿನಿಂದ ಒಬ್ಬ ದೊಡ್ಡ ಮೆಹಮಾನರು ಬಂದಿದ್ದರು. ಅವರೆದುರು ದೇಸಾಯರು ಜಮೇದಾರನನ್ನು ಹೊಗಳಿದ್ದೇ ಹೊಗಳಿದ್ದು. ಕಂಟಿಯಿಂದ ಹಂದಿ ಹೊರಬಿತ್ತು, ಕಿಷ್ಟಪ್ಪ ಹೊಡೆದ, ಹಂದಿ ಗಕ್ಕನೆ ಹೊರಳಿತು, ಬಾಣ ನೆಲಕ್ಕೆ ನಾಟಿತು. ಇಂಥದ್ದು ಯಾವ ಬಿಲ್ಲುಗಾರನಿಗೂ ಆಗುತ್ತದೆ. ಆದರೆ ಮೆಹಮಾನರು ನಕ್ಕರು. ನಕ್ಕದ್ದೇ ತಡ, ಕಿಷ್ಟಪ್ಪನಿಗೆ ಒಂದು ಕಾರಣ ಬೇಕಾಯಿತು.

ಅವನು ನೇರ ಕಾಳಪ್ಪನ ಅಂಗಳಕ್ಕೆ ಬಂದ. ಹಿಂದೆ ಬೇಟೆಯ ಮಂದಿಯೆಲ್ಲ. ತನ್ನ ಬತ್ತಳಿಕೆ ಸುರುವಿ, ಒಂದೊಂದೇ ಕಡ್ಡಿಯನ್ನು ಗೂಟದ ಮೇಲಿಟ್ಟು ಕಲ್ಲು ತೂಗಿದ. ಹನ್ನೆರಡು ಕಾಳು. ಹನ್ನೆರಡು. ಹನ್ನೆರಡು. ಆಮೇಲೆ ಕಾವಲಿನವರ ಬಾಣ ತೂಗಿದ. ಹತ್ತು.

"ನೋಡ್ರಿ, ಎಲ್ಲಾರೂ ನೋಡ್ರಿ! ಆಳುಮಕ್ಕಳಿಗೆ ಗಟ್ಟಿವು, ಜಮೇದಾರಗ ಮೆತ್ತವು! ಹನ್ನೊಂದು ವರ್ಷ ನನ್ನ ಅನ್ನ ತಿಂದು ನಂಗ ಕಸ ಕೊಟ್ಟಾನ ಈ ಹರಾಮಖೋರ!"

ಕಾಳಪ್ಪ ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಬಿಡಲಿಲ್ಲ. ಹುಸೇನಮ್ಮ ಬಾಯಿ ತೆರೆಯುವಷ್ಟರಲ್ಲಿ ಅವನು ಅವಳ ಕಡೆ ನೋಡಿ ಬೇಡವೆಂದು ತಲೆ ಆಡಿಸಿದ. ಇಬ್ಬರು ಅವನ ಬಲಗೈಯನ್ನು ಶಾಬಾದಿ ಬಂಡೆಯ ಮೇಲೆ ಒತ್ತಿ ಹಿಡಿದರು. ಕಿಷ್ಟಪ್ಪ ತೂಗುಗಲ್ಲನ್ನು, ಅವಳ ಅಪ್ಪನ ತೂಗುಗಲ್ಲನ್ನು, ಎರಡೂ ಕೈಯಿಂದ ಎತ್ತಿ ಹಾಕಿದ. ಮೂರು ಸಲ. ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ನುಚ್ಚಾದವು. ಆಮೇಲೆ ತನ್ನ ಬಾಣಗಳನ್ನೆಲ್ಲ ಮೊಣಕಾಲಿಗೆ ಕೊಟ್ಟು ಮುರಿದು ಎಸೆದು ಹುಕುಂ ಮಾಡಿದ.

"ಬನ್ನಿ ಹಬ್ಬಕ್ಕ ಹನ್ನೆರಡು ಬಾಣ. ಎಲ್ಲಾ ಹತ್ತು ಕಾಳು. ಒಂದು ಹೆಚ್ಚಿಲ್ಲ, ಒಂದು ಕಡಿಮಿಲ್ಲ. ತಪ್ಪಿದ್ರ ಇನ್ನೊಂದು ಕೈ ಐತಿ."

ಕಾಳಪ್ಪನ ಕೈಗೆ ಅರಿಶಿನ ಸುತ್ತುತ್ತ ಹುಸೇನಮ್ಮ ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು, ಗಂಡನ ಮೇಲೂ ಬಂತು. ಗುಟ್ಟು ಕಾಯಲು ಕೈ ಕೊಟ್ಟವನನ್ನು ಏನೆಂದು ಕರೆಯಬೇಕು? ಕಲ್ಲಿಗೆ ಅಂಟಿದ ರಕ್ತವನ್ನು ಪೆಂಟಮ್ಮ ತೊಳೆಯಲು ಹೋದಾಗ ಕಿತ್ತುಕೊಂಡಳು. "ಇರ್ಲಿ. ಹಂಗೇ ಇರ್ಲಿ." ಚೆಲ್ಲಾಪಿಲ್ಲಿಯಾದ ಮುರುಕುಗಳನ್ನು ಆರಿಸುವಾಗ ಅವಳಿಗೆ ಮುರಿಯದೆ ಉಳಿದ ಒಂದು ಬಾಣ ಸಿಕ್ಕಿತು, ಹನ್ನೆರಡು ಕಾಳಿನದು. ಅದನ್ನು ಸೂರಿನಲ್ಲಿ ಸಿಕ್ಕಿಸಿಟ್ಟಳು.

ಮಳೆ ಹಿಡಿಯಿತು. ಮಳೆಗಾಲದಲ್ಲಿ ಆ ಸೀಮೆಯಲ್ಲಿ ಬಿಲ್ಲು ಮುಟ್ಟುವುದಿಲ್ಲ. ನರದ ನಾರಿ ತೇವಕ್ಕೆ ಸಡಿಲಾಗುತ್ತದೆಂದು ಬಿಲ್ಲುಗಳನ್ನು ಬಿಚ್ಚಿ ಒಲೆಯ ಮೇಲಿನ ಅಟ್ಟಕ್ಕೇರಿಸುತ್ತಾರೆ. ಆಯುಧಪೂಜೆಗೆ ಇಳಿಸಿ, ಹೊಸ ಬಾಣಕ್ಕೆ ಅರಿಶಿನ ಹಚ್ಚಿ ಪೂಜೆಗಿಡುತ್ತಾರೆ. ಹೊಸ ಬಾಣವನ್ನು ಬನ್ನಿಮರದ ಮುಂದಲ್ಲದೆ ಮೊದಲು ಎಲ್ಲೂ ಹೊಡೆಯುವಂತಿಲ್ಲ. ಈ ಕಟ್ಟಳೆಯನ್ನು ಯಾರು ಮಾಡಿದರೋ, ಆ ವರ್ಷ ಹುಸೇನಮ್ಮ ಅವರಿಗೆ ಮನಸ್ಸಿನಲ್ಲೇ ಕೈಮುಗಿದಳು.

ಅತ್ತೆಗೂ ಸೇಡು ಬೇಕಾಗಿತ್ತು. ಮಗನ ಕೈ ನೋಡಿ ನೋಡಿ ಮುದುಕಿ ಒಣಗಿಹೋಗಿದ್ದಳು. ಒಂದು ದಿನ ಹುಸೇನಮ್ಮನ ಹತ್ತಿರ ಬಂದು ಕೂತು, "ಏಮೇ, ಗರಿ ಹತ್ರ ಒಳಗ ಒಂದು ಸೀಳು ಬಿಡು. ಎಳೆದಾಗ ಮುರಿದು ಅವನ ಅಂಗೈಯಾಗ ಹೋಗ್ಲಿ" ಎಂದಳು.

"ಹೋದ್ರ ಏನಾಗ್ತೈತಿ ಅತ್ತಿ? ಪಾಪ ಜಮೇದಾರ ಅಂತಾರ ಮಂದಿ. ಬಾಣ ಸುಮಾರು ಅಂತಾರ. ನಿನ್ನ ಮಗ ಕಳ್ಳ ಅಂತಾರ. ನಂಗ ಅವನ ಅಂಗೈ ಬ್ಯಾಡ."

"ಮತ್ತೇನು ಬೇಕು?"

"ಅವನು ಕೇಳಿದ್ದು ಕೊಡ್ತೀನಿ. ಬರೋಬ್ಬರಿ ಕೊಡ್ತೀನಿ."

ಮುದುಕಿಗೆ ಅರ್ಥವಾಗಲಿಲ್ಲ. ಕಾಳಪ್ಪನಿಗೆ ಅರ್ಥವಾಯಿತು. ಅವನು ಎಡಗೈಯಲ್ಲಿ ಹೆಂಡತಿಯ ಮಣಿಕಟ್ಟು ಹಿಡಿದುಕೊಂಡು, "ಬ್ಯಾಡ ಹುಸೇನಿ. ಹತ್ತು ಕಾಳಿನವು ಕೊಟ್ರ ಅವನ ಹನ್ನೊಂದು ವರ್ಷ ನೀರಾಗ ಹೋಗ್ತಾವ. ಒಬ್ಬಾಕಿನೇ ಹೋಗಿ ಅವನ ಕಿವ್ಯಾಗ ಹೇಳಿ ಬಾ" ಎಂದ.

"ನಿನ್ನ ಕೈ ಹೋದಾಗ ಅವ ನಿನ್ನ ಕಿವ್ಯಾಗ ಹೇಳಿದ್ನೇನು?"

ಅಲ್ಲಿಗೆ ಆ ಮಾತು ಮುಗಿಯಿತು. ಅವಳು ಶ್ರಾವಣದಿಂದ ಕೂತಳು. ನೇರ ಮಾಡಿದಳು, ಹೆರೆದಳು, ಮೋಡ ಹರಿದು ಬಿಸಿಲು ಬಿದ್ದ ದಿನ ಮಾತ್ರ ತೂಗಿದಳು. ತೇವದ ದಿನ ಬಿದಿರು ಸುಳ್ಳು ಹೇಳುತ್ತದೆ. ಇನ್ನೂರು ಕಡ್ಡಿಗಳಲ್ಲಿ ಹನ್ನೆರಡನ್ನು ಆರಿಸಿದಳು. ಬಂಡೆಯ ಮೇಲೆ ಹನ್ನೆರಡೂ ಒಂದೇ ದನಿ. ಕಲ್ಲಿಗೆ ಹನ್ನೆರಡೂ ಹತ್ತೇ ಕಾಳು, ಬೆನ್ನಿಗೂ ಹೊಟ್ಟೆಗೂ. ಅವಳ ಜನ್ಮದಲ್ಲಿ ಅಂಥ ಕಟ್ಟು ಮತ್ತೊಂದಾಗಲಿಲ್ಲ. ಪ್ರೀತಿಗೂ ಯಾರೂ ಅಷ್ಟು ನಿಗಾದಿಂದ ಕೆಲಸ ಮಾಡುವುದಿಲ್ಲ.

ಬನ್ನಿಯ ದಿನ ಸುತ್ತಲ ಏಳು ಊರು ಸೇರಿತ್ತು. ದೇಸಾಯರು ಕಟ್ಟೆಯ ಮೇಲೆ ಕೂತಿದ್ದರು. ಕಿಷ್ಟಪ್ಪ ಬಾಣದ ಕಟ್ಟು ಬಿಚ್ಚುವ ಮೊದಲೇ ಹುಸೇನಮ್ಮ ಗೂಟ, ಹಲಗೆ, ಬಂಡೆ, ಕಲ್ಲು ಎಲ್ಲವನ್ನೂ ಹೊರಿಸಿಕೊಂಡು ಬಂದು ನಡುಬಯಲಲ್ಲಿ ಇಳಿಸಿದಳು. ಹಿಂದೆ ಕಾಳಪ್ಪ, ಬಲಗೈಗೆ ಅರಿವೆ ಸುತ್ತಿಕೊಂಡು.

"ಧಣೇರ, ಹೋದ ಸಲ ನಮ್ಮ ಬಾಣದ ಮ್ಯಾಲೆ ಕಸೂರು ಬಂತು. ಈ ಸಲ ಹೊಡೆಯೋಕಿಂತ ಮೊದ್ಲೇ ನಾಕು ಮಂದಿ ಮುಂದ ತೂಗಿಬಿಡ್ರಿ. ಜಮೇದಾರ್ರು ತಮ್ಮ ಕೈಯಿಂದ ತೂಗ್ಲಿ."

ಕಿಷ್ಟಪ್ಪ ಅದನ್ನೇ ಕಾಯುತ್ತಿದ್ದವನಂತೆ ಮುಂದೆ ಬಂದ. ಅವಳು ಮೋಸ ಮಾಡಿಯೇ ಇರುತ್ತಾಳೆ ಎಂದು ಅವನಿಗೆ ಗ್ಯಾರಂಟಿ. ಒಂದೊಂದನ್ನೂ ಉರುಳಿಸಿದ, ಕಿವಿಗೊಟ್ಟು ಕೇಳಿದ. ರಕ್ತ ಕಂದು ಕಲೆಯಾಗಿ ಒಣಗಿದ್ದ ಕಲ್ಲನ್ನು ಇಳಿಬಿಟ್ಟು ತೂಗಿದ, ಹೊರಳಿಸಿ ತೂಗಿದ. ಹತ್ತಿರದಲ್ಲಿ ನಿಂತವರು ಗಟ್ಟಿಯಾಗಿ ಕಾಳು ಎಣಿಸಿದರು. ಹತ್ತು, ಹತ್ತು, ಹತ್ತು. ಹನ್ನೆರಡೂ ಮುಗಿದ ಮೇಲೆ ಮೀಸೆ ತಿರುವಿ, "ಈಗ ಬುದ್ಧಿ ಬಂತು ನೋಡ್ರಿ ಇವರಿಗೆ. ಇಂಥಾ ಬಾಣ ನನ್ನ ಕೈಗೆ ಇದುವರೆಗೂ ಬಂದಿರಲಿಲ್ಲ" ಎಂದ.

"ಎಲ್ಲಾರೂ ಕೇಳಿದ್ರಲ್ಲ?" ಎಂದಳು ಹುಸೇನಮ್ಮ.

ಮೊದಲ ಬಾಣ ಗಡಿಗೆಯ ಎಡಕ್ಕೆ ಗೇಣು ದೂರದಲ್ಲಿ ಹಾಯ್ದು ಹೋಯಿತು. ಕಿಷ್ಟಪ್ಪ ಗಾಳಿ ನೋಡಿದ. ಗಾಳಿ ಇರಲಿಲ್ಲ. ಎರಡನೆಯದೂ ಎಡಕ್ಕೆ. ಮೂರನೆಯದಕ್ಕೆ ಬಲಕ್ಕೆ ಹಿಡಿದು ಹೊಡೆದ, ಅದು ಬಲಕ್ಕೇ ಹೋಯಿತು. ನಾಲ್ಕನೆಯದು ಗಡಿಗೆಯ ಕಂಠಕ್ಕೆ ತಾಗಿ ಒಂದು ಚೂರು ಹಾರಿಸಿತು. ಐದನೆಯದು ಮತ್ತೆ ಎಡಕ್ಕೆ. ಐದೂ ಗಡಿಗೆ ಮರದಲ್ಲಿ ಹಾಗೇ ತೂಗಾಡುತ್ತಿದ್ದವು. ಒಂದೊಂದು ಬಾಣಕ್ಕೂ ಹುಸೇನಮ್ಮನ ಎದೆಯಲ್ಲಿ ತಣ್ಣೀರು ಸುರಿದಂತಾಗುತ್ತಿತ್ತು. ಪಕ್ಕದಲ್ಲಿ ಕಾಳಪ್ಪ ತಲೆ ಬಗ್ಗಿಸಿ ನಿಂತಿದ್ದ.

"ಮಾಟ ಮಾಡ್ಯಾಳ! ಬಾಣ ಖರಾಬ್ ಅದಾವ!" ಎಂದು ಕಿಷ್ಟಪ್ಪ ಕೂಗಿದ.

"ತೂಗಿದವರು ನೀವಽ ಅಲ್ರಿ?" ಎಂದು ಅವಳು ದೇಸಾಯರ ಕಡೆ ತಿರುಗಿದಳು. "ಧಣೇರ, ಅವೇ ಐದು ಬಾಣ ತರಿಸ್ರಿ. ಬಿಲ್ಲೂ ಜಮೇದಾರ್ರದ ಇರ್ಲಿ. ನಮಗ ಸಂಬಂಧ ಇಲ್ಲದವರನ್ನ ಯಾರನ್ನರ ಕರೀರಿ. ಅವರಿಗೂ ಹತ್ತಲಿಲ್ಲ ಅಂದ್ರ ನನ್ನ ಗಂಡನ ಎಡಗೈ ಅಲ್ಲ, ನನ್ನ ಎರಡೂ ಕೈ ಈ ಬಂಡೆ ಮ್ಯಾಲೆ ಇಡ್ತೀನಿ."

ದೇಸಾಯರು ಮಂದಿಯೊಳಗೆ ಕಣ್ಣಾಡಿಸಿದರು. ನಾರಾಯಣಪೇಟೆ ಕಡೆಯಿಂದ ಕುರಿ ಮೇಯಿಸುತ್ತ ಬಂದಿದ್ದ ತಾಯಪ್ಪ ಎಂಬ ಕುರುಬ ಕಂಬಳಿ ಹೊದ್ದು ನಿಂತಿದ್ದ. ತೋಳ ಓಡಿಸಲು ಬಿಲ್ಲು ಹಿಡಿಯುವವನು. ಅವನನ್ನು ಕರೆದರು. ಅವನು ಕಂಬಳಿ ಕೆಳಗಿಟ್ಟು, ಕುಲದೇವರು ಬೀರಪ್ಪನನ್ನು ನೆನೆದು, ಬಿಲ್ಲು ಎಳೆದು ನೋಡಿದ. ಮೊದಲನೆಯದು ಗಡಿಗೆಯ ಮೇಲಿಂದ ಹೋಯಿತು. ಬಿಲ್ಲಿನ ಬಿಗಿ ಕೈಗೆ ಹತ್ತಿದ ಮೇಲೆ ಉಳಿದ ನಾಲ್ಕು ಬಾಣಕ್ಕೆ ನಾಲ್ಕು ಗಡಿಗೆ ಒಡೆದವು. ಪ್ರತಿ ಸದ್ದಿಗೂ ಮಂದಿ ಹೋ ಎಂದರು. ತಾಯಪ್ಪ ಬಿಲ್ಲನ್ನು ಕಟ್ಟೆಗೆ ಒರಗಿಸಿ, "ಬಾಣ ಭಾಳ ಚಲೋ ಅದಾವ್ರಿ" ಎಂದಷ್ಟೇ ಹೇಳಿ ಕಂಬಳಿ ಎತ್ತಿಕೊಂಡ.

ದೇಸಾಯರು ಆ ಕಲ್ಲನ್ನೂ, ಕಾಳಪ್ಪನ ಅರಿವೆ ಸುತ್ತಿದ ಕೈಯನ್ನೂ ನೋಡಿದರು. ತಪ್ಪಾಯಿತು ಎನ್ನುವ ಅಭ್ಯಾಸ ಆ ವಾಡೆಗೆ ಇರಲಿಲ್ಲ. ಕಿಷ್ಟಪ್ಪನ ಕಡೆ ಕೈ ಚಾಚಿ, "ರುಮಾಲು" ಎಂದರು. ಏಳು ಊರ ಮಂದಿಯ ಮುಂದೆ ಅವನು ಕೆಂಪು ರುಮಾಲು ಬಿಚ್ಚಿ ಕೊಟ್ಟ. ಒಳಗೆ ಅರ್ಧ ತಲೆ ಬೋಳಾಗಿತ್ತು. ಹೆಂಗಸರ ಗುಂಪಿನಲ್ಲಿ ಪೆಂಟಮ್ಮ ಗಹಗಹಿಸಿ ನಕ್ಕದ್ದು ಬಯಲಿಗೆಲ್ಲ ಕೇಳಿಸಿತು. ಆ ಒಂದು ನಗೆಗೆ ಹುಸೇನಮ್ಮ ಅತ್ತೆಯ ಹಳೆಯ ನಗುವನ್ನು ಮಾಫಿ ಮಾಡಿದಳು.

ಹದಿನೈದು ದಿನದ ಮೇಲೆ, ಮಧ್ಯಾಹ್ನ ಅವಳು ರೊಟ್ಟಿಗೆ ಒಲೆ ಹಚ್ಚುತ್ತಿರುವಾಗ ಕಿಷ್ಟಪ್ಪ ಬಂದ. ಬರಿತಲೆ. ಅಂಗಳದಲ್ಲಿ ನಿಂತು, ಕೂಡು ಎನ್ನಲಿ ಎಂದು ಕಾದ. ಯಾರೂ ಎನ್ನಲಿಲ್ಲ. ಕಾಳಪ್ಪ ಕಂಬಕ್ಕೆ ಒರಗಿ ಕೂತಿದ್ದ.

"ಕಾಳಪ್ಪ, ದಿನಾ ಹೊಡೀತೀನಿ, ಒಂದೂ ಹತ್ತವಲ್ದು. ಹತ್ತು ಕಾಳಿನವು ನಂಗ ಹತ್ತವಲ್ವು. ಹಳೇವು ಹತ್ತತಿದ್ವು. ಅದರಾಗ ಏನಿತ್ತು ಹೇಳು."

ಕಾಳಪ್ಪ ಹೆಂಡತಿಯ ಮುಖ ನೋಡಿದ. ಅವಳು ಎದ್ದು ಸೂರಿನಿಂದ ಆ ಒಂದೇ ಬಾಣವನ್ನು ತೆಗೆದಳು, ಗೂಟದ ಮೇಲಿಟ್ಟು ಕಲ್ಲು ಇಳಿಬಿಟ್ಟಳು.

"ಎಣಿಸ್ರಿ."

ಅವನು ಎಣಿಸಿದ. "ಹನ್ನೆರಡು."

"ಇದು ನಿಮ್ಮ ಜಮೇದಾರಿಕಿ. ನಾರಿ ಬಿಡಾಕ ನಿಮಗ ಬರಂಗಿಲ್ಲ, ಬೆರಳು ಪಕ್ಕಕ್ಕ ಎಳೀತಾವ. ಈ ಗೀರು ನೋಡ್ರಿ, ಇದು ನಿಮ್ಮ ಕೈ ಬರೆದಿದ್ದು. ನಿಮ್ಮ ಸೊಟ್ಟ ಕೈಗೆ ಸರಿಯಾಗಲಿ ಅಂತ ಈ ಮನಿಷ್ಯಾ ಹನ್ನೊಂದು ವರ್ಷ ಎರಡು ಕಾಳು ಮೆತ್ತಗ ಹೆರೆದ. ನಾಕು ಮಂದಿ ಮುಂದ ನಿಮ್ಮ ಮಾನ ಹೋಗಬಾರದಂತ ಹೇಳ್ಲಿಲ್ಲ. ಕೈ ಕೊಟ್ಟ, ಗುಟ್ಟು ಕೊಡ್ಲಿಲ್ಲ. ಒಂದು ಗಡಿಗಿನೂ ನೀವು ಒಡೆದಿಲ್ರಿ. ಎಲ್ಲಾ ಇವ ಒಡೆದಿದ್ದು."

ಕಿಷ್ಟಪ್ಪ ಗೂಟದ ಮುಂದೆ ಕುಕ್ಕರಗಾಲಲ್ಲಿ ಕೂತ. ಬಾಣದ ಗೀರಿನ ಮೇಲೆ ಬೆರಳಾಡಿಸಿದ. ಆಮೇಲೆ ಕಾಳಪ್ಪನ ಕಡೆ ತಿರುಗಿ, "ಒಂದು ಕಟ್ಟು ಮಾಡಿಕೊಡು. ನಿನ್ನ ಕಾಲು ಹಿಡೀತೀನಿ" ಎಂದ.

ಕಾಳಪ್ಪನ ಕಣ್ಣು ತುಂಬಿದವು. "ಹುಸೇನಿ, ನೀ ತೂಗಿ ಕೊಟ್ರ..." ಎಂದು ಶುರು ಮಾಡಿದ.

"ನಾ ತೂಗ್ತೀನಿ. ಆದ್ರ ಹತ್ತು ಕಾಳಿಂದನ್ನ ಹನ್ನೆರಡಕ್ಕ ಹೆರೆಯೋದು ಹೆಬ್ಬೆರಳಿನ ಕೆಲಸ" ಎಂದಳು ಹುಸೇನಮ್ಮ, ಕಿಷ್ಟಪ್ಪನನ್ನೇ ನೋಡುತ್ತ. "ಅದು ನನ್ನ ಹೆಬ್ಬೆರಳಿಗೆ ಬರಂಗಿಲ್ಲ. ಬರೋ ಹೆಬ್ಬೆರಳು ಎಲ್ಲಿ ಹೋತು, ನೀವಽ ಹುಡುಕಿ ತಂದುಕೊಡ್ರಿ. ನಾಳೇನ ಕಟ್ಟು ಕೊಡ್ತೀನಿ."

ಅದು ಸುಳ್ಳು. ಶ್ರಾವಣದಿಂದ ಹೆರೆದು ಹೆರೆದು ಅವಳ ಹೆಬ್ಬೆರಳಿಗೆ ಅದೆಲ್ಲ ಬರುತ್ತಿತ್ತು, ತಾನಾಗೇ ಹನ್ನೆರಡು ಕಾಳು ಬಾಗುವ ಕಡ್ಡಿಗಳೂ ಮನೆಯಲ್ಲಿದ್ದವು. ಅವಳು ಬಾಯಿಬಿಟ್ಟು ಆಡಿದ ಸುಳ್ಳು ಬಹುಶಃ ಅದೊಂದೇ. ಕಾಳಪ್ಪನಿಗೂ ಗೊತ್ತಿತ್ತು, ಅವನು ಈ ಗುಟ್ಟನ್ನೂ ಹೊರಗೆ ಹಾಕಲಿಲ್ಲ.

ಕಿಷ್ಟಪ್ಪ ಎದ್ದು, ಆ ಒಂದು ಬಾಣಕ್ಕಾದರೂ ಕೈ ಚಾಚಿದ. ಹುಸೇನಮ್ಮ ಅದನ್ನು ಗೂಟದಿಂದ ತೆಗೆದು, ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದು ಒಲೆಗೆ ಇಟ್ಟಳು. ಒಣಗಿದ ಬಿದಿರು ಚಟಚಟ ಹತ್ತಿಕೊಂಡಿತು. ಅವನು ಅದು ಉರಿದು ಮುಗಿಯುವವರೆಗೂ ನಿಂತಿದ್ದು, ಆಮೇಲೆ ಹೋದ. ಆ ಚಳಿಗಾಲದಲ್ಲಿ ಊರು ಬಿಟ್ಟು ಕೋಸಗಿ ಕಡೆ ಹೋದನಂತೆ, ಮತ್ತೆ ಬಿಲ್ಲು ಹಿಡಿಯಲಿಲ್ಲವಂತೆ.

ಅಂದು ಆ ಉರಿಯಲ್ಲೇ ಹುಸೇನಮ್ಮ ನಾಲ್ಕು ರೊಟ್ಟಿ ಬಡಿದಳು. ಎರಡನ್ನು ಕಾಳಪ್ಪನ ಮುಂದಿಟ್ಟಳು. ಅವನು ತಟ್ಟೆಯನ್ನು ಎಡಗೈಯಿಂದ ಮೆಲ್ಲಗೆ ದೂರ ಸರಿಸಿ ಗೋಡೆಯ ಕಡೆ ಮುಖ ಮಾಡಿ ಕೂತ. ಅವಳು ಬಾ ಎಂದು ಒಂದು ಸಲ ಕರೆದಳು, ಎರಡನೇ ಸಲ ಕರೆಯಲಿಲ್ಲ. ತನ್ನ ಎರಡು ರೊಟ್ಟಿ ತಿಂದಳು, ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ಅವನ ಎರಡನ್ನೂ ತಿಂದಳು.